ಕೀಮೋ ಜಿಲ್ಲೆಗೆ ಬರುತ್ತಿದೆ, ಆರೈಕೆಯೂ ಬರಲಿ!



ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು, ಡಿಸ್ಚಾರ್ಜ್ ಚೀಟಿಯೂ ಕೈಗೆ ಬಂತು. ಕೆಲವರಿಗೆ ಹೊಟ್ಟೆಯ ಮೇಲೊಂದು ತೂತು (ಸ್ಟೋಮಾ), ಅದಕ್ಕೊಂದು ಬ್ಯಾಗ್. ಮಲ ಹೋಗುವುದು ಇನ್ನು ಅಲ್ಲಿಂದಲೇ. ಬ್ಯಾಗ್‌ನ ಅಂಟುಬಿಲ್ಲೆಯ ತೂತನ್ನು ಅಳತೆಗೆ ಸರಿಯಾಗಿ ಕತ್ತರಿಸದಿದ್ದರೆ ಮಲ ಸೋರಿ ಸುತ್ತಲ ಚರ್ಮ ಕೆಂಪಾಗಿ ಉರಿಯುತ್ತದೆ. ಮೂರರಲ್ಲೊಂದು ಪಾಲು ತುಂಬುತ್ತಲೇ ಖಾಲಿ ಮಾಡದಿದ್ದರೆ ಭಾರಕ್ಕೆ ಬ್ಯಾಗ್ ಕಿತ್ತು ಬರಬಹುದು. ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಕಲಿಸಬೇಕು. ಎಷ್ಟೋ ರೋಗಿಗಳಿಗೆ ಆ ಭಾಗ್ಯ ಸಿಕ್ಕಿಲ್ಲ. ಬಸ್ಸಿನಲ್ಲಿ ಬ್ಯಾಗ್ ತುಂಬೀತೆಂದು ಹೆದರಿ ಹಿಂದಿನ ರಾತ್ರಿಯೇ ಊಟ ಬಿಡುವವರಿದ್ದಾರೆ. ಮದುವೆ-ಮುಂಜಿಗೆ ಹೋಗುವುದನ್ನೇ ನಿಲ್ಲಿಸಿದವರಿದ್ದಾರೆ. ಇವರನ್ನು ಹಣ್ಣು ಮಾಡಿರುವುದು ರೋಗವೊಂದೇ ಅಲ್ಲ, ನಾಚಿಕೆಯೂ ಹೌದು.

ಕೀಮೋದ ಕಷ್ಟ ಬೇರೆ. ಆಕ್ಸಾಲಿಪ್ಲಾಟಿನ್ ಹಾಕಿಸಿಕೊಂಡವರು ಬೆಳಿಗ್ಗೆ ನಲ್ಲಿಯ ತಣ್ಣೀರಿಗೆ ಕೈಯೊಡ್ಡಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಕ್ಯಾಪೆಸಿಟಾಬಿನ್ ಮಾತ್ರೆಗೆ ಅಂಗೈ, ಅಂಗಾಲು ಸುಲಿಯುವುದುಂಟು. ‘ಕೀಮೋ ಅಂದ್ರೆ ಹೀಗೇ’ ಎಂದು ಹಲ್ಲು ಕಚ್ಚಿ ಸಹಿಸಬೇಡಿ, ಡಾಕ್ಟರಿಗೆ ಹೇಳಿ! ಅವರು ಡೋಸ್ ಇಳಿಸಬಹುದು, ಕೆಲವು ದಿನ ನಿಲ್ಲಿಸಬಹುದು. ಇಲ್ಲದಿದ್ದರೆ ಕೈಕಾಲಿನ ಜೋಮು ಕೆಲವರಿಗೆ ವರ್ಷಗಟ್ಟಲೆ ಉಳಿದುಬಿಡುತ್ತದೆ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿತೋ, ಮಾತ್ರೆ ನುಂಗಿ ಮಲಗಬೇಡಿ. ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಮನಸ್ಸು ಕುಗ್ಗಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ. (ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ. ಕೇಳಿದವರಿಗಷ್ಟೇ ಗೊತ್ತು!)

ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಸಂತೋಷ. ಪ್ರತಿ ಕೀಮೋಗೂ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ರಾತ್ರಿ ಬಸ್ ಹತ್ತುವುದು ತಪ್ಪಲಿ. ಆದರೆ ನಾಲ್ಕು ಮಂಚ, ನಾಲ್ಕು ಡ್ರಿಪ್ ಸ್ಟ್ಯಾಂಡ್ ಇಟ್ಟು ರಿಬ್ಬನ್ ಕತ್ತರಿಸಿದರೆ ಮುಗಿಯಿತೇ? ಸ್ಟೋಮಾ ಆರೈಕೆ ಕಲಿತ ನರ್ಸ್ ಬೇಕು. ಬ್ಯಾಗ್ ಉಚಿತವಾಗಿ ಸಿಗಬೇಕು. ಏನು ತಿನ್ನಬೇಕು, ಏನು ಬಿಡಬೇಕು ಎಂದು ನಮ್ಮ ಮುದ್ದೆ-ರೊಟ್ಟಿಯ ಲೆಕ್ಕದಲ್ಲೇ ಹೇಳುವವರು ಬೇಕು. ನೋವಿಗೆ ಮಾರ್ಫಿನ್ ಬೇಕು. ಅದರ ಕಾನೂನು 2014ರಲ್ಲೇ ಸಡಿಲವಾಗಿದೆ, ಇನ್ನೂ ಸಬೂಬು ಏಕೆ? ಬಸ್ ನಿಲ್ದಾಣದ ಶೌಚಾಲಯದಲ್ಲಿ ನೀರು, ಬ್ಯಾಗ್ ಸಾಮಾನು ಇಡಲೊಂದು ಹಲಗೆ, ಒಳಗಿನಿಂದ ಹಾಕುವ ಚಿಲಕ ಬೇಕು. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ.

ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಬರೆದ ಮನವಿ ಈ ಕರಪತ್ರದ ಹಿಂಬದಿಯಲ್ಲಿದೆ. ಓದಿ, ಸಹಿ ಹಾಕಿ, ಹೊರರೋಗಿ ವಿಭಾಗದ ಬಾಗಿಲಲ್ಲಿ ನಿಂತಿರುವ ನಮ್ಮವರ ಕೈಗೆ ಕೊಡಿ. ಓದು ಬಾರದವರಿಗೆ ನೀವೇ ಓದಿ ಹೇಳಿ, ಅವರ ಹೆಬ್ಬೆಟ್ಟೂ ಬೀಳಲಿ.

— ಕರುಳಿನ ಕ್ಯಾನ್ಸರ್ ರೋಗಿಗಳು ಮತ್ತು ಮನೆಯವರು