ಅನ್ನ ಒಂದಿರಲಿ, ಸುಣ್ಣ ಬೇರಿರಲಿ

ಬೆಂಗಳೂರಿನ ಸಂಜಯನಗರಕ್ಕೆ ಅಂಟಿಕೊಂಡಂತಿರುವ ಹೆಬ್ಬಾಳದಲ್ಲಿ, 1980ರ ದಶಕದ ಕೊನೆಯ ಹೊತ್ತಿಗೆ, ಕೃಷಿ ವಿಶ್ವವಿದ್ಯಾನಿಲಯದ ಕುಕ್ಕುಟವಿಜ್ಞಾನಿಗಳು ಗಿರಿರಾಜನೆಂಬ ತಳಿಯನ್ನು ರೂಪಿಸಿ ನಾಡಿಗಿತ್ತರು. 2005ರಲ್ಲಿ ಅದೇ ನೆಲೆಯಿಂದ ಸ್ವರ್ಣಧಾರಾ ಹೊರಬಂದಿತು. ತಿಪ್ಪೆ ಕೆದಕಿ ಮೇಯುವ ನಾಟಿ ಕೋಳಿಯ ಗಟ್ಟಿತನವನ್ನು ಬಿಡದೆ, ವರ್ಷಕ್ಕೆ 130ರಿಂದ 150 ಮೊಟ್ಟೆಗಳನ್ನು ಇಡಬಲ್ಲ ಗಿರಿರಾಜನಂಥ ಹಕ್ಕಿಯೊಂದನ್ನು ಬಡವರ ಹಿತ್ತಿಲಿಗೆಂದೇ ನಿರ್ಮಿಸಿದುದು ಸಾಮಾನ್ಯ ಸಾಧನೆಯಲ್ಲ. ಆದರೆ ಹಕ್ಕಿಯನ್ನು ಹಿತ್ತಿಲಿಗಾಗಿ ರೂಪಿಸಿದ ನಾವು, ಅದರ ಆಹಾರವನ್ನು ಮಾತ್ರ ಫಾರಮ್ಮಿನ ಲೆಕ್ಕಕ್ಕೇ ಬಿಟ್ಟುಕೊಟ್ಟಿದ್ದೇವೆ ಎಂಬುದು ನನ್ನ ಆಕ್ಷೇಪ.

ಫಾರಮ್ಮಿನ ಶೆಡ್ಡಿನಲ್ಲಿ ಒಂದೇ ದಿನ ಮೊಟ್ಟೆಯೊಡೆದು ಬಂದ ಸಾವಿರಾರು ಹಕ್ಕಿಗಳು ಸಮವಯಸ್ಕವಾಗಿಯೇ ಬೆಳೆಯುವುದರಿಂದ, ಮೊದಲು ಚಿಕ್ ಮ್ಯಾಶ್, ಅನಂತರ ಗ್ರೋವರ್ ಮ್ಯಾಶ್, ಮೊಟ್ಟೆಗೆ ಬಂದ ಮೇಲೆ ಲೇಯರ್ ಮ್ಯಾಶ್ ಎಂಬ ವ್ಯಾಪಾರದ ವಿಭಾಗವು ಅಲ್ಲಿ ನ್ಯಾಯವಾದುದೇ. ಆದರೆ ಗೆದ್ದಲಹಳ್ಳಿಯದೋ ಭೂಪಸಂದ್ರದ್ದೋ ಹಳೆಯ ಮನೆಯೊಂದರ ಹಿಂಬದಿಯಲ್ಲಿ, ಎರಡು ವರ್ಷ ಕಳೆದ ಹೇಂಟೆಯೂ, ಇನ್ನೂ ಮೊಟ್ಟೆಗೆ ಬಾರದ ಎಳೆಯ ಹೇಂಟೆಗಳೂ, ತಾಯಿಯ ಕಾಲಿಗೆ ತೊಡರುತ್ತ ಓಡುವ ಮರಿಗಳೂ, ಇವೆಲ್ಲದರ ಯಜಮಾನಿಕೆ ವಹಿಸಿದ ಹುಂಜವೂ ಒಂದೇ ತಟ್ಟೆಯ ಸುತ್ತ ನೆರೆದಾಗ, ಮನೆಯಾಕೆ ಮೂರು ಚೀಲಗಳನ್ನು ಕೊಂಡಿಟ್ಟು ಪಂಕ್ತಿಭೇದ ಮಾಡಿ ಬಡಿಸಲಾದೀತೆ? ಕೊಳ್ಳುವುದು ಒಂದೇ ಚೀಲ. ಮೊಟ್ಟೆಯ ಆಸೆಯಿಂದ ಸಾಕಿದವರು ಆರಿಸುವುದು ಲೇಯರ್ ಮ್ಯಾಶನ್ನೇ.

ಅಪಾಯವಿರುವುದು ಅಲ್ಲಿಯೇ. ಲೇಯರ್ ಮ್ಯಾಶಿನಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟಿರುತ್ತದೆ, ಬೆಳೆಯುವ ಮರಿಗೆ ಬೇಕಾದುದು ಶೇ. 1ರ ಆಸುಪಾಸು ಮಾತ್ರ. ಮಿಕ್ಕುದನ್ನು ಹೊರಹಾಕುವ ಭಾರ ಎಳೆಯ ಮೂತ್ರಪಿಂಡಗಳ ಮೇಲೆ ಬೀಳುತ್ತದೆ. ಅವು ಸೋತಾಗ ಯೂರಿಕ್ ಆಮ್ಲದ ಲವಣಗಳು ರಕ್ತದಲ್ಲಿ ಉಳಿದು, ಹೃದಯ ಯಕೃತ್ತುಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದರವಾಗಿ ನಿಲ್ಲುತ್ತವೆ. ಪಶುವೈದ್ಯರು ಇದನ್ನು ಗೌಟ್ ಎನ್ನುತ್ತಾರೆ. ಕೆಲವು ಮರಿಗಳು ಸಾಯುತ್ತವೆ. ಬದುಕಿದವುಗಳಲ್ಲಿ ಕೆಲವು ಕೆಟ್ಟ ಮೂತ್ರಪಿಂಡವನ್ನು ಹೊತ್ತುಕೊಂಡೇ ಮೊಟ್ಟೆಯ ವಯಸ್ಸಿಗೆ ಬರುತ್ತವೆ.

ಆದುದರಿಂದ ಕ್ರಮವನ್ನು ತಿರುಗಿಸಬೇಕು. ಹಿಂಡಿನ ಅತ್ಯಂತ ಎಳೆಯ ಹಕ್ಕಿಗೆ ಹೊಂದುವ, ಶೇ. 18ರಿಂದ 20ರಷ್ಟು ಪ್ರೋಟೀನುಳ್ಳ, ಹೆಚ್ಚು ಕ್ಯಾಲ್ಸಿಯಂ ಇಲ್ಲದ ಆಹಾರವೇ ಎಲ್ಲಕ್ಕೂ ಸಾಮಾನ್ಯವಾಗಲಿ. ಹೇಂಟೆಗೆ ಇದರಿಂದ ಕೇಡಿಲ್ಲ. ಗರಿ ಉದುರಿಸಿ ಹೊಸದು ತಳೆಯುವ ಕಾಲದಲ್ಲಂತೂ, ಗರಿಯೆಂಬುದು ಬಹುಪಾಲು ಪ್ರೋಟೀನೇ ಆದುದರಿಂದ, ಉಪಕಾರವೇ ಉಂಟು. ಮೊಟ್ಟೆಯ ಓಡಿಗೆ ಬೇಕಾದ ಸುಣ್ಣದ ಅಂಶವನ್ನು, ಎಂದರೆ ಕಪ್ಪೆಚಿಪ್ಪಿನ ಚೂರನ್ನೋ, ಸುಣ್ಣಕಲ್ಲಿನ ಹರಳನ್ನೋ, ಒಣಗಿಸಿ ಕುಟ್ಟಿದ ಮೊಟ್ಟೆಯೋಡನ್ನೋ, ಬೇರೊಂದು ಬಟ್ಟಲಿನಲ್ಲಿಡಬೇಕು. (ಗೋಡೆಗೆ ಬಳಿಯುವ ಸುಣ್ಣವನ್ನು ಇಟ್ಟೀರಿ, ಜೋಕೆ, ಅದು ಬಾಯನ್ನು ಸುಡುತ್ತದೆ.) ಒಂದು ಮೊಟ್ಟೆಯ ಓಡಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ವ್ಯಯವಾಗುತ್ತದೆ, ಓಡು ಕಟ್ಟುವ ಕೆಲಸವೋ ಬಹುಮಟ್ಟಿಗೆ ರಾತ್ರಿಯದು. ಮೊಟ್ಟೆಯಿಡುವ ಹೇಂಟೆಯು ಸಂಜೆಯ ಹೊತ್ತಿಗೆ ತಾನಾಗಿಯೇ ಈ ಬಟ್ಟಲನ್ನು ಹುಡುಕಿಕೊಂಡು ಬರುತ್ತದೆ. ದಪ್ಪ ಚೂರುಗಳು ಜಠರದಲ್ಲಿ ನಿಧಾನವಾಗಿ ಕರಗಿ ಇರುಳೆಲ್ಲ ಒದಗುತ್ತವೆ. ಬೇಡದ ಮರಿಯೂ ಹುಂಜವೂ ಒಂದೆರಡು ಸಲ ಕುಕ್ಕಿ ಸುಮ್ಮನಾಗುವುದೇ ಹೆಚ್ಚು. ಯಾವ ಹಕ್ಕಿಗೆ ಎಷ್ಟು ಎಂದು ನಾವು ಅಳೆಯುವುದಕ್ಕಿಂತ ಹಕ್ಕಿಯ ಈ ವಿವೇಕವನ್ನು ನೆಚ್ಚುವುದೇ ಲೇಸು.

ಪ್ರೋಟೀನು ಹೆಚ್ಚಿದಷ್ಟೂ ಬೆಲೆ ಹೆಚ್ಚೆಂಬ ಮಾತು ನಿಜ. ಸಾವಿರ ಹಕ್ಕಿಗಳಿಗೆ ಅದು ದೊಡ್ಡ ಲೆಕ್ಕ, ಹತ್ತು ಹಕ್ಕಿಗಳಿಗೆ ಅಲ್ಲ. ಇನ್ನೊಂದು ಆಕ್ಷೇಪ ನಮ್ಮ ಸೀಮೆಗೇ ಸಹಜವಾದುದು: ರಾಗಿಯಿರುವಾಗ ಚಿಪ್ಪೇಕೆ? ರಾಗಿಯ ಮೇಲೆ ನನಗೂ ಅಭಿಮಾನವುಂಟು. ಧಾನ್ಯಗಳಲ್ಲಿ ಕ್ಯಾಲ್ಸಿಯಂಗೆ ಅದರ ಸಮಾನವಿಲ್ಲ. ಆದರೂ 100 ಗ್ರಾಂ ರಾಗಿಯಲ್ಲಿರುವುದು ಸುಮಾರು 350 ಮಿಲಿಗ್ರಾಂ ಮಾತ್ರ, ಹೇಂಟೆ ದಿನಕ್ಕೆ ತಿನ್ನುವ ಒಟ್ಟು ಆಹಾರವೇ ಸುಮಾರು 110 ಗ್ರಾಂ. ಅದಿಷ್ಟೂ ರಾಗಿಯೇ ಆದರೂ 2 ಗ್ರಾಮಿನ ಸಾಲ ತೀರುವುದಿಲ್ಲ. ಪ್ರೋಟೀನಂತೂ ಅದರಲ್ಲಿ ಶೇ. 7ರ ಸುಮಾರು. ರಾಗಿ, ನುಚ್ಚು, ಮಿಕ್ಕ ಮುದ್ದೆ ಇವು ಕೈತಿಂಡಿಯಾಗಿರಲಿ. ಕೊರತೆ ತುಂಬಲು ಕಡಲೆಕಾಯಿ ಹಿಂಡಿಯನ್ನು ಬೆರೆಸುವವರು, ಮಳೆಗಾಲದಲ್ಲಿ ಅದಕ್ಕೆ ಹಿಡಿಯುವ ಬೂಷ್ಟಿನ ವಿಷವು ಮರಿಗಳನ್ನೇ ಮೊದಲು ಬಲಿಗೊಳ್ಳುತ್ತದೆಂಬುದನ್ನು ಮರೆಯಬಾರದು.

ಮರಿಗಳ ಆಹಾರವನ್ನೇ ಎಲ್ಲಕ್ಕೂ ಹಾಕುವಲ್ಲಿ ನಿಜವಾದ ತೊಡಕು ಬೇರೊಂದಿದೆ. ಮರಿಗಳಿಗೆ ಬರುವ ರಕ್ತಭೇದಿಯನ್ನು ತಡೆಯಲು ಕೆಲವು ಚಿಕ್ ಮ್ಯಾಶುಗಳಲ್ಲಿ ಔಷಧಿ ಬೆರೆತಿರುತ್ತದೆ. ಮೊಟ್ಟೆಯಿಡುವ ಹೇಂಟೆ ಅದನ್ನು ತಿಂದರೆ ಮೊಟ್ಟೆಯ ಮೂಲಕ ಅದರ ಅಂಶ ನಮ್ಮ ತಟ್ಟೆಗೂ ಬರಬಹುದು. ನಿಕಾರ್ಬಜಿನ್ ಎಂಬ ಔಷಧಿಯಂತೂ ಕಂದು ಮೊಟ್ಟೆಯ ಬಣ್ಣವನ್ನೇ ಕಳೆದು, ಮರಿಯಾಗುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಔಷಧಿಯಿಲ್ಲದ ಚೀಲ ಸಿಕ್ಕಿದರೆ ಸರಿ. ಸಿಗದಿದ್ದರೆ, ಮರಿಗಳಷ್ಟೇ ನುಸುಳಬಲ್ಲಂತೆ ಮಂಕರಿಯನ್ನು ತುಸು ಎತ್ತರಿಸಿ ಬೋರಲು ಹಾಕಿ, ಅವುಗಳ ಊಟವನ್ನು ಅದರೊಳಗಿಟ್ಟು, ಹೊರಗಿನವಕ್ಕೆ ಗ್ರೋವರ್ ಮ್ಯಾಶನ್ನೂ ಚಿಪ್ಪಿನ ಬಟ್ಟಲನ್ನೂ ಇಡುವುದೇ ಉಪಾಯ.

ಇಷ್ಟನ್ನು ತಿಳಿಯಲು ಕೊಳ್ಳುವವಳೇ ಪರಿಣತೆಯಾಗಬೇಕೆಂಬುದು ಅನ್ಯಾಯ. ಪಶುಸಂಗೋಪನಾ ಇಲಾಖೆಯು ಮಹಿಳೆಯರಿಗೆ ಕೋಳಿಮರಿಗಳನ್ನು ಹಂಚುವಾಗ, ಜೊತೆಗೆ ಔಷಧಿರಹಿತವಾದ ಸಾಮಾನ್ಯ ಆಹಾರದ ಐದು ಕಿಲೋ ಚೀಲವೊಂದನ್ನೂ ಚಿಪ್ಪಿನ ಪೊಟ್ಟಣವೊಂದನ್ನೂ ಕೊಡಲಿ. ಅಂಗಡಿಯಲ್ಲಿ ಮಾರುವ ಚೀಲದ ಮೇಲೆ ಕ್ಯಾಲ್ಸಿಯಂ ಎಷ್ಟು, ಔಷಧಿ ಯಾವುದು ಎಂಬೆರಡು ಸಂಗತಿಗಳನ್ನು ದಪ್ಪಕ್ಷರದ ಕನ್ನಡದಲ್ಲಿ ಅಚ್ಚುಮಾಡಿಸುವ ಕಟ್ಟಳೆಯನ್ನು ಸರ್ಕಾರ ತರಲಿ.