ಭೂಕಂಪ ಉತಾರೆ ಕೇಳಲಿಲ್ಲ

1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ದಿನವಷ್ಟೇ ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಕಿಲ್ಲಾರಿ ಸೀಮೆಯ ಜನರ ಮೇಲೆ ಅವರ ಮನೆಗಳೇ ಕುಸಿದುಬಿದ್ದವು. ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸರ್ಕಾರಿ ಲೆಕ್ಕದಲ್ಲೇ ಸುಮಾರು 8,000 ಜನ ಸತ್ತರು. ಮಾಳಿಗೆಯಡಿ ಸಿಕ್ಕವರಿಗೆ ಹೊಲ ಎಷ್ಟಿದೆ ಎಂದು ಭೂಮಿ ಕೇಳಲಿಲ್ಲ.

ಕೇಳಿದ್ದು ಸರ್ಕಾರ. ವಿಶ್ವಬ್ಯಾಂಕಿನ ಸಾಲ, ದಾನಿಗಳ ದುಡ್ಡು ಕೂಡಿಸಿ 52 ಊರುಗಳನ್ನು ಕಿತ್ತು ಬೇರೆ ಕಡೆ ಕಟ್ಟಿದಾಗ ಮನೆಯ ಅಳತೆಯನ್ನು ಹೊಲದ ಉತಾರೆ ನೋಡಿ ಗೊತ್ತುಮಾಡಿದರು. ಭೂಮಿ ಇಲ್ಲದವರಿಗೆ, ಒಂದು ಹೆಕ್ಟೇರಿನೊಳಗಿನವರಿಗೆ 250 ಚದರಡಿ. ಏಳು ಹೆಕ್ಟೇರಿನವರೆಗೆ 400. ಅದಕ್ಕೂ ಮೇಲಿದ್ದರೆ 750. ಕೂಲಿಯವಳ ಸತ್ತ ಮಗುವಿಗೂ ಜಮೀನುದಾರನ ಸತ್ತ ಮಗುವಿಗೂ ಯಾವ ಉತಾರೆಯಲ್ಲಿ ವ್ಯತ್ಯಾಸ ಕಂಡಿರಿ ಸ್ವಾಮಿ? ಇದಕ್ಕೆ ಪುನರ್ವಸತಿ ಎಂದು ಹೆಸರಿಟ್ಟಿರಿ!

ಕೊಟ್ಟ ಮನೆಯಾದರೂ ಎಂಥದು? ಕಾಂಕ್ರೀಟಿನ ಪೆಟ್ಟಿಗೆ. ಎತ್ತು ಕಟ್ಟಲು ಕೊಟ್ಟಿಗೆ ಇಲ್ಲ, ಜೋಳ ತುಂಬಲು ಹಗೇವು ಇಲ್ಲ, ಹೆಣ್ಣುಮಕ್ಕಳು ಮರೆಯಲ್ಲಿ ಕೂತು ಕೆಲಸ ಮಾಡುವ ಒಳ ಅಂಗಳ ಇಲ್ಲ. ಗುಬಾಳ ಎಂಬ ಊರಿನಲ್ಲಂತೂ ಗುಮ್ಮಟದಂಥ ಮನೆಗಳನ್ನು ಕಟ್ಟಿದರು. ಆ ದುಂಡು ಗೋಡೆಗೆ ಒಂದು ಟ್ರಂಕನ್ನು ಹೇಗೆ ಒತ್ತರಿಸಿ ಇಡಬೇಕು? ಊರೇ ಅಗಲವಾಗಿ ಚೆದುರಿ, ಎಷ್ಟೋ ಕಡೆ ಅಳತೆಗೆ ತಕ್ಕ ಸಾಲು ಹಿಡಿದು ಮನೆ ಹಂಚಿದ್ದರಿಂದ ಅಣ್ಣ ಒಂದು ಕೊನೆಗೆ, ತಮ್ಮ ಇನ್ನೊಂದು ಕೊನೆಗೆ ಬಿದ್ದರು. ಕೂಗಿದರೆ ಓಗೊಡುತ್ತಿದ್ದ ಓಣಿಯೇ ಹೋಯಿತು. ಜನ ತಾವಾಗಿಯೇ ತಗಡು, ಹಳೆಯ ತೊಲೆ ತಂದು ಪೆಟ್ಟಿಗೆಯ ಪಕ್ಕಕ್ಕೆ ಚಪ್ಪರ ಹಾಕಿಕೊಂಡರು. ಬದುಕು ನಡೆದದ್ದು ಆ ತಗಡಿನಡಿ.

'ಕಲ್ಲಿನ ಮನೆ ಕೊಂದಿತು' ಎಂದು ಹಳೆಯದನ್ನೆಲ್ಲ ಬಿಟ್ಟುಹೋದಿರಿ. ಗೋಡೆಯ ಎರಡು ಮೈಗಳನ್ನು ಹಿಡಿದಿಡುವ ಉದ್ದಕಲ್ಲು ಇರಲಿಲ್ಲ, ಗಾರೆಯ ಬದಲು ಬರಿಯ ಮಣ್ಣು ಇತ್ತು, ವರ್ಷ ವರ್ಷ ಪೇರಿಸಿದ ಮಣ್ಣಿನಿಂದ ಮಾಳಿಗೆ ಭಾರವಾಗಿತ್ತು. ಆದ್ದರಿಂದ ಬಿತ್ತು. ಗೋಡೆ ಉದುರಿದರೂ ಕಟ್ಟಿಗೆಯ ಕಂಬ, ತೊಲೆ ಎಷ್ಟೋ ಮನೆಗಳಲ್ಲಿ ನಿಂತೇ ಇದ್ದವು. ಕಡಿಮೆ ಪೆಟ್ಟು ತಿಂದ ಊರುಗಳಲ್ಲಿ ಇದೇ ಪುನರ್ವಸತಿ ಯೋಜನೆ ಹಳೆಯ ಮನೆಗಳನ್ನು ರಿಪೇರಿ ಮಾಡಿಸಿ ಗಟ್ಟಿಗೊಳಿಸಿತು. ದಾರಿ ಗೊತ್ತಿತ್ತು ಎಂದಾಯಿತು. ಗೊತ್ತಿದ್ದೂ ಭೂಕಂಪ ಉಳಿಸಿದ್ದನ್ನು ನಕಾಶೆ ಹಿಡಿದವರು ಕೈಬಿಟ್ಟರು. ನೆಲದ ಕಂಪನಕ್ಕೆ ಕಣ್ಣಿಲ್ಲ. ನಿಮಗೆ ಇತ್ತಲ್ಲ?

ಕಿಲ್ಲಾರಿ ನಮಗೆ ದೂರದ ಊರಲ್ಲ. ಬೀದರ, ಕಲಬುರಗಿಯಲ್ಲೂ ಅದೇ ಕಲ್ಲು, ಅದೇ ಮಣ್ಣು, ಅದೇ ಮಾಳಿಗೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ನೆಲ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿ ಬಯಲಿಗೆ ಬಂದರು. ಆ ಗೋಡೆಗಳನ್ನು ಈಗಲೇ ಭದ್ರಪಡಿಸಿ. ನಾಳೆ ಹೊಸ ಊರು ಕಟ್ಟುವ ಕಾಲ ಬಂದರೆ ಉತಾರೆ ಮುಚ್ಚಿಡಿ. ಒಲೆ ಎಲ್ಲಿರಬೇಕು, ಎತ್ತು ಎಲ್ಲಿರಬೇಕು, ಪಕ್ಕದ ಮನೆಯಲ್ಲಿ ಯಾರಿರಬೇಕು ಎಂದು ಮೊದಲು ಆ ಮನೆಯ ಹೆಣ್ಣುಮಗಳನ್ನು ಕೇಳಿ. ಆಮೇಲೆ ಗೆರೆ ಎಳೆಯಿರಿ.