ಮಜಲು

ಹೋಳಿಹುಣ್ಣಿಮೆಯ ಆಚೀಚಿನ ದಿನಗಳಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಹಳ್ಳಿಗಳಿಂದ ಜನರು ತಂಡತಂಡವಾಗಿ ಪೂರ್ವದಿಕ್ಕಿಗೆ ಹೊರಡುವುದನ್ನು ನೀವು ನೋಡಿರಬಹುದು. ಮುಂದೆ ಹೆಗಲ ಮೇಲೆ ಅಲಂಕರಿಸಿದ ಕಂಬಿ. ಅದರ ಹಿಂದೆ ಕೈಯಲ್ಲಿ ಕೋಲು, ಬೆನ್ನಿಗೊಂದು ಗಂಟು ಕಟ್ಟಿಕೊಂಡ ಗಂಡಸರು, ಹೆಂಗಸರು, ಮುದುಕರು. ಅವರು ಹೊರಟಿರುವುದು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ. ಶ್ರೀಶೈಲದ ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಿಕಾರ್ಜುನ ಕನ್ನಡಿಗರ ಅಳಿಯ ಎಂಬ ನಂಬಿಕೆ ನಮ್ಮ ಕಡೆ ಬಹುಕಾಲದಿಂದ ಬಂದಿದೆ. ಯುಗಾದಿಗೆ ಮಗಳನ್ನು ನೋಡಲು ಹೋಗುವಾಗ ಸೀರೆ, ಅರಿಷಿಣ, ಕುಂಕುಮ ಒಯ್ಯದೆ ಬರಿಗೈಯಲ್ಲಿ ಹೋಗಲಾದೀತೆ?

ದಾರಿ ಸುಮಾರು 500 ಕಿಲೋಮೀಟರು. ಹುಣ್ಣಿಮೆಯಿಂದ ಯುಗಾದಿಗೆ ಇರುವುದು ಒಂದೇ ಪಕ್ಷ, ಅಂದರೆ 15 ದಿನ. ಲೆಕ್ಕ ಹಾಕಿದರೆ ದಿನಕ್ಕೆ 33 ಕಿಲೋಮೀಟರಿಗೆ ಕಡಮೆಯಿಲ್ಲದಂತೆ ನಡೆಯಬೇಕು. ಇಷ್ಟು ನಡೆಯುವುದು ಚೈತ್ರದ ಹೊಸ್ತಿಲಿನ ಬಿಸಿಲಿನಲ್ಲಿ, ಬಾಗಲಕೋಟೆ, ಲಿಂಗಸುಗೂರು, ರಾಯಚೂರುಗಳ ನೆರಳಿಲ್ಲದ ಎರೆಭೂಮಿಯ ಮೇಲೆ ಎಂಬುದನ್ನು ಮರೆಯಬಾರದು. ಆದುದರಿಂದಲೇ ತಂಡಗಳು ನಸುಕಿಗೆ ಬಹಳ ಮೊದಲೇ ಎದ್ದು ನಡೆಯತೊಡಗುತ್ತವೆ. ಇಲ್ಲಿ ಹಿರಿಯರ ಒಂದು ಜಾಣ್ಮೆ ಅಡಗಿದೆ. ಹುಣ್ಣಿಮೆ ಕಳೆದ ಮೇಲೆ ಚಂದ್ರನು ದಿನದಿನಕ್ಕೆ ತಡವಾಗಿ ಮೂಡಿ ಬೆಳಗಿನವರೆಗೆ ಆಕಾಶದಲ್ಲಿ ಇರುತ್ತಾನೆ. ನಡೆಯುವವರಿಗೆ ಬೆಳಕು ಬೇಕಾದ ಹೊತ್ತಿಗೆ ಸರಿಯಾಗಿ ಬೆಳಕು ದೊರೆಯುತ್ತದೆ. ಕಡೆಯ ಎರಡು ಮೂರು ದಿನಗಳಲ್ಲಿ ಮಾತ್ರ ಆ ಸಹಾಯವೂ ಇಲ್ಲ. ತಂಡ ನಲ್ಲಮಲದ ದಟ್ಟ ಕಾಡನ್ನು ಹೊಗುವ ಹೊತ್ತಿಗೆ ಅಮಾವಾಸ್ಯೆ ಸಮೀಪಿಸಿರುತ್ತದೆ.

ಇಂಥ ಪಯಣದ ಜೀವಾಳವೆಂದರೆ ಮಜಲು. ಒಂದು ತಂಗುದಾಣದಿಂದ ಇನ್ನೊಂದಕ್ಕೆ ಒಂದೇ ನಡಿಗೆಯಲ್ಲಿ ಸಾಗಬಹುದಾದ ದೂರಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು ಅದು. ಮಜಲನ್ನು ಅಳೆಯುವುದು ಕಿಲೋಮೀಟರಿನ ಕಲ್ಲಿನಿಂದಲ್ಲ. ಎಲ್ಲಿ ನೀರುಂಟು, ಎಲ್ಲಿ ನೆರಳುಂಟು, ಯಾವ ಊರಿನವರು ಮಧ್ಯಾಹ್ನದ ಅಂಬಲಿ ಕಾಯಿಸಿ ಕಾದಿರುತ್ತಾರೆ, ತಂಡದಲ್ಲಿ ಯಾರ ಕಾಲಿಗೆ ಬೊಕ್ಕೆ ಎದ್ದಿದೆ, ಇವೆಲ್ಲವನ್ನೂ ಕೂಡಿ ಕಳೆದು ನಿಶ್ಚಯಿಸುವ ದೂರ ಅದು. ನಿಶ್ಚಯಿಸುವವನು ತಂಡದ ಮುಂದಾಳು. ಹತ್ತಾರು ಸಲ ಆ ದಾರಿಯನ್ನು ತುಳಿದ ಹಿರಿಯನೇ ಸಾಮಾನ್ಯವಾಗಿ ಆ ಸ್ಥಾನದಲ್ಲಿರುತ್ತಾನೆ. ಪಂಢರಪುರದ ವಾರಿಗೆ ಆಷಾಢದಲ್ಲಿ ಹೋಗುವ ದಿಂಡಿಗಳಲ್ಲಿಯೂ ಈ ಕಟ್ಟಳೆ ಉಂಟು. ಪತಾಕೆ ಎಲ್ಲಿ, ತಾಳದವರು ಎಲ್ಲಿ, ವೀಣೆ ಹಿಡಿದವನು ಎಲ್ಲಿ, ತುಳಸಿ ಹೊತ್ತ ತಾಯಂದಿರು ಎಲ್ಲಿ ಎಂಬುದಕ್ಕೆಲ್ಲ ಕ್ರಮವುಂಟು. ನಮ್ಮ ಗಡಿಭಾಗದ ಎಷ್ಟೋ ಮನೆಗಳಲ್ಲಿ ಒಬ್ಬರು ಶ್ರೀಶೈಲಕ್ಕೂ ಇನ್ನೊಬ್ಬರು ಪಂಢರಪುರಕ್ಕೂ ನಡೆಯುತ್ತಾರೆ.

ಈ ಮುಂದಾಳಿನ ಮಾತಿಗೆ ಬೆಲೆ ಕಡಮೆಯಾಗುತ್ತಿದೆ ಎಂಬುದೇ ನನ್ನ ಚಿಂತೆ. ಅದು ಏಕೆ ಚಿಂತೆಯ ವಿಷಯವೆಂದು ತಿಳಿಯಲು ಒಂದು ದೂರದ ದೇಶದ ಉದಾಹರಣೆಯನ್ನು ನೋಡೋಣ.

ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಫ್ರಾನ್ಸಿನ ಶಾಮೊನಿ ಎಂಬ ಊರಿನಿಂದ ಸ್ವಿಟ್ಜರ್ಲೆಂಡಿನ ಜೆರ್ಮಾಟ್ ಎಂಬ ಊರಿನವರೆಗೆ ಒಂದು ಹಿಮದ ದಾರಿಯಿದೆ. ಅದಕ್ಕೆ ‘ಎತ್ತರದ ದಾರಿ’ ಎಂದೇ ಹೆಸರು. 19ನೆಯ ಶತಮಾನದ ಪರ್ವತಾರೋಹಿಗಳು ಬೇಸಗೆಯಲ್ಲಿ ಕಾಲ್ನಡಿಗೆಯಿಂದ ಕಂಡುಕೊಂಡ ಈ ಮಾರ್ಗವನ್ನು 1911ರಲ್ಲಿ ಮೊದಲ ಬಾರಿಗೆ ಸ್ಕೀಗಳ ಮೇಲೆ ಕ್ರಮಿಸಲಾಯಿತು. ಸ್ಕೀ ಎಂದರೆ ಪಾದಕ್ಕೆ ಬಿಗಿದುಕೊಳ್ಳುವ ಉದ್ದನೆಯ ಕಿರಿದಾದ ಪಟ್ಟಿ. ಏರುವಾಗ ಅದರ ಅಡಿಗೆ ಹಿಂದೆ ಜಾರದಂತೆ ತಡೆಯುವ ರೋಮದ ಪಟ್ಟಿಯನ್ನು ಅಂಟಿಸುತ್ತಾರೆ. ಹಿಂದಿನ ಕಾಲದಲ್ಲಿ ಇದಕ್ಕೆ ಸೀಲ್ ಎಂಬ ಕಡಲಪ್ರಾಣಿಯ ತೊಗಲನ್ನು ಬಳಸುತ್ತಿದ್ದರು. ಇಳಿಜಾರು ಬಂದಾಗ ಅದನ್ನು ಕಿತ್ತು ಮಡಿಚಿಟ್ಟು ಜಾರುತ್ತಾರೆ. ನಮ್ಮ ಶ್ರೀಶೈಲದ ದಾರಿಯಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರನ್ನು ಕಂಡವರಿಗೆ ಇದು ತೀರ ವಿಚಿತ್ರವೆನಿಸಲಾರದು!

ಈ ಪಯಣಕ್ಕೆ ಆರೇಳು ದಿನ ಬೇಕು. ಕಣಿವೆಯಿಂದ ಕಣಿವೆಗೆ ದಾಟುತ್ತ, ರಾತ್ರಿಯನ್ನು ಎತ್ತರದ ವಸತಿಗೃಹಗಳಲ್ಲಿ ಕಳೆಯುತ್ತಾರೆ. ವಿಶೇಷವೆಂದರೆ, ಅವರು ಹೊರಡುವ ಕಾಲವೂ ಮಾರ್ಚಿ, ಏಪ್ರಿಲ್ ತಿಂಗಳುಗಳೇ; ಅವರೂ ಸೂರ್ಯ ಏರುವ ಮೊದಲೇ ನಡೆಯತೊಡಗುತ್ತಾರೆ. ನಮ್ಮವರಿಗೆ ಬಿಸಿಲಿನಿಂದ ದಾರಿ ಕಾಯುವ ಭಯ. ಅವರಿಗೆ ಬಿಸಿಲಿನಿಂದ ಹಿಮ ಸಡಿಲಿ ಕುಸಿಯುವ ಭಯ. ಅಲ್ಲಿಯ ಮಾರ್ಗದರ್ಶಕನಾಗಬೇಕಾದರೆ ವರ್ಷಗಟ್ಟಲೆ ಶಿಕ್ಷಣ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಂದು ಹೊರಡುವುದು ಬೇಡ ಎಂದು ಅವನು ಹೇಳಿದರೆ, ಸಾವಿರಾರು ರೂಪಾಯಿ ತೆತ್ತು ಬಂದವನೂ ಅಂದು ವಸತಿಗೃಹದಲ್ಲೇ ಕುಳಿತುಕೊಳ್ಳಬೇಕು.

ಅಷ್ಟಾದರೂ ಅನಾಹುತಗಳು ತಪ್ಪಿಲ್ಲ. 2018ರ ಏಪ್ರಿಲ್ ತಿಂಗಳ ಕೊನೆಯಲ್ಲಿ ಇದೇ ದಾರಿಯ ಮೇಲೆ 14 ಜನರು ಬಿರುಗಾಳಿಗೆ ಸಿಲುಕಿದರು. ಹವೆ ಕೆಡುವ ಮುನ್ಸೂಚನೆ ಇತ್ತು. ಕಣ್ಣಿಗೆ ದಾರಿ ಕಾಣದೆ ರಾತ್ರಿಯನ್ನು ಬಯಲಲ್ಲೇ ಕಳೆದರು. ಅವರಲ್ಲಿ 7 ಜನರು ಪ್ರಾಣ ಕಳೆದುಕೊಂಡರು, ಮಾರ್ಗದರ್ಶಕನೂ ಅವರಲ್ಲೊಬ್ಬ. ಅವರು ಸೇರಬೇಕಾಗಿದ್ದ ವಸತಿಗೃಹ ಅಲ್ಲಿಂದ ಕೆಲವೇ ನೂರು ಮೀಟರುಗಳ ದೂರದಲ್ಲಿತ್ತು. ಬಲ್ಲವನೊಬ್ಬ ಜೊತೆಗಿದ್ದಾಗಲೇ ಹೀಗಾದರೆ, ಬಲ್ಲವನೇ ಇಲ್ಲದ ತಂಡದ ಗತಿಯೇನು?

ನಮ್ಮ ದಾರಿಯಲ್ಲಿ ಹಿಮವಿಲ್ಲ, ನಿಜ. ಆದರೆ ಬಿಸಿಲೂ ಕೊಲ್ಲುತ್ತದೆ. ಹೆದ್ದಾರಿಯ ವಾಹನವೂ ಕೊಲ್ಲುತ್ತದೆ. ಈಚೆಗೆ ನಾಲ್ಕಾರು ತರುಣರು ತಾವೇ ಒಂದು ಗುಂಪು ಕಟ್ಟಿಕೊಂಡು, ಹಿಂದೊಂದು ಟೆಂಪೊದಲ್ಲಿ ಧ್ವನಿವರ್ಧಕ ಹೇರಿಕೊಂಡು ಹೊರಡುವುದನ್ನು ಕಾಣುತ್ತೇವೆ. ಹಿರಿಯರು 15 ದಿನದಲ್ಲಿ ಮುಟ್ಟಿದ್ದನ್ನು ತಾವು 10 ದಿನದಲ್ಲಿ ಮುಟ್ಟಿದೆವೆಂದು ಹೇಳಿಕೊಳ್ಳುವುದರಲ್ಲಿ ಅವರಿಗೆ ಸಂತೋಷ. ಅದಕ್ಕಾಗಿ ಕತ್ತಲೆಯಲ್ಲಿ ಹೆದ್ದಾರಿಯ ಮಗ್ಗುಲಲ್ಲಿ ರಾತ್ರಿಯಿಡೀ ನಡೆಯುತ್ತಾರೆ. ಹಗಲು ಹನ್ನೆರಡರ ಬಿಸಿಲಿನಲ್ಲಿಯೂ ನಿಲ್ಲುವುದಿಲ್ಲ. ಜೊತೆಯವನು ಹಿಂದೆ ಬಿದ್ದರೆ, ಬಂದು ಕೂಡಿಕೊಳ್ಳುತ್ತಾನೆ ಬಿಡು ಎನ್ನುತ್ತಾರೆ. ಮಜಲನ್ನು ತಂಡದ ಅತ್ಯಂತ ನಿಧಾನಿಯ ಕಾಲಿನಿಂದ ಅಳೆಯುತ್ತಿದ್ದ ಪದ್ಧತಿ ಹೋಗಿ, ಅತ್ಯಂತ ವೇಗಿಯ ಕಾಲಿನಿಂದ ಅಳೆಯುವ ಪದ್ಧತಿ ಬಂದಿದೆ. ನಮ್ಮ ಅಥಣಿ, ನಿಪ್ಪಾಣಿಗಳಲ್ಲಿ ಕೈಯಿಂದ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯನ್ನು ಬಲ್ಲವರು ಒಂದು ಮಾತನ್ನು ಒಪ್ಪುತ್ತಾರೆ. ಹೊಸ ಚಪ್ಪಲಿ ಮೊದಲು ಕಚ್ಚುತ್ತದೆ. ಎಣ್ಣೆ ಹಚ್ಚಿ ಸ್ವಲ್ಪಸ್ವಲ್ಪವೇ ನಡೆದು ಅದನ್ನು ಕಾಲಿಗೆ ಒಗ್ಗಿಸಿಕೊಳ್ಳಬೇಕು. ದಾರಿಗೂ ಕಾಲಿಗೂ ಇರುವ ಸಂಬಂಧವೂ ಹಾಗೆಯೇ.

ಹರಕೆ ಎಂಬುದು ಭಕ್ತನಿಗೂ ದೇವರಿಗೂ ನಡುವಿನ ಮಾತು, ನಿಲ್ಲು ಎನ್ನಲು ನಡುವೆ ಮುಂದಾಳು ಯಾರು ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಶ್ರೀಶೈಲಕ್ಕೆ ಹೋದದ್ದು ಯಾರ ಅಪ್ಪಣೆಯನ್ನೂ ಕೇಳಿ ಅಲ್ಲ. ಆದರೆ ಒಂಟಿಯಾಗಿ ಹೊರಟವರ ಮಾತು ಬೇರೆ, ಕಂಬಿಯ ಹಿಂದೆ ಹೊರಟವರ ಮಾತು ಬೇರೆ. ನೂರು ಜನರೊಡನೆ ಹೊರಟವನು ತನ್ನ ಹರಕೆಯ ಜೊತೆಗೆ ಅವರ ಭಾರವನ್ನೂ ಹೊತ್ತಿರುತ್ತಾನೆ. ಅವನು ಬಿಸಿಲಿಗೆ ಬಿದ್ದರೆ ಅವನನ್ನು ಎತ್ತಿಕೊಳ್ಳಲು ನಾಲ್ವರು ತಮ್ಮ ನಡಿಗೆಯನ್ನು ನಿಲ್ಲಿಸಬೇಕು. ಇನ್ನೂ ಒಂದು ಮಾತು: ಆಯಾಸಗೊಂಡವನು ಗಾಡಿ ಹತ್ತಿದರೆ ಹರಕೆ ಮುರಿಯಿತು ಎಂದು ಹಂಗಿಸುವ ಕೆಟ್ಟ ರೂಢಿಯೊಂದು ಬೆಳೆಯುತ್ತಿದೆ. ಈ ಹಂಗಿಗೆ ಅಂಜಿ ಜ್ವರದಲ್ಲಿಯೂ ನಡೆಯುವವರಿದ್ದಾರೆ. ಮುಂದಾಳು ಗಾಡಿ ಹತ್ತು ಎಂದರೆ ಹತ್ತಬೇಕು. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಅವನಿಗೆ ಪ್ರಥಮ ಚಿಕಿತ್ಸೆಯ ತಿಳಿವಳಿಕೆಯನ್ನು ಕೊಡಿಸಿ, ತಂಡದ ಪ್ರತಿಯೊಬ್ಬರ ಬೆನ್ನಿಗೆ ವಾಹನದ ಬೆಳಕಿಗೆ ಹೊಳೆಯುವ ಪಟ್ಟಿಯನ್ನು ಹಚ್ಚುವ ಕೆಲಸವನ್ನು ಊರ ಪಂಚಾಯಿತಿಗಳೇ ಮಾಡಬಹುದು. ಬೀಳ್ಕೊಡುವಾಗ ಹಾಕುವ ಹಾರತುರಾಯಿಗಳ ಖರ್ಚಿಗಿಂತ ಇದಕ್ಕೆ ಹೆಚ್ಚು ತಗಲಲಾರದು.

ತಂಗುದಾಣದ ವಿಷಯದಲ್ಲಿ ಮಾತ್ರ ನಾವು ಯಾರಿಗೂ ಕಡಮೆಯಿಲ್ಲ. ಆಲ್ಪ್ಸಿನಲ್ಲಿ ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಕಣಿವೆದಾರಿಯ ನೆತ್ತಿಯ ಮೇಲೆ 11ನೆಯ ಶತಮಾನದಲ್ಲಿ ಸ್ಥಾಪನೆಯಾದ ಕ್ರೈಸ್ತ ಮಠವೊಂದು ಇಂದಿಗೂ ದಾರಿಗರಿಗೆ ಆಶ್ರಯ ಕೊಡುತ್ತಿದೆ. ಅದು ಕೈಮುಗಿಯಬೇಕಾದ ಸ್ಥಳವೇ ಸರಿ. ಆದರೆ ಶ್ರೀಶೈಲದ ದಾರಿಯುದ್ದಕ್ಕೂ ಮಠ, ಗುಡಿ, ಹೊಲದ ಕೊಟ್ಟಿಗೆ, ಶಾಲೆಯ ಜಗಲಿ ಎಲ್ಲವೂ ಆ ಹದಿನೈದು ದಿನ ಛತ್ರಗಳೇ. ರೊಟ್ಟಿ, ಮಜ್ಜಿಗೆ, ಕಲ್ಲಂಗಡಿ ಹಣ್ಣು, ಉರಿಯುವ ಪಾದಕ್ಕೆ ಎಣ್ಣೆ, ಮೀಯಲು ಬಿಸಿನೀರು. ಮನೆಯಲ್ಲಿ ಕನ್ನಡದೊಡನೆ ಮರಾಠಿಯನ್ನು ಬೆರೆಸಿ ಆಡುವ ನಮ್ಮ ಗಡಿಯ ಜನರಿಗೆ ತೆಲುಗು ಮಾತನಾಡುವ ತಾಯಿಯೊಬ್ಬಳು ಅನ್ನ ಬಡಿಸುತ್ತಾಳೆ. ಶಾಲೆಯ ಜಗಲಿಯ ಮಾತು ಬಂದುದರಿಂದ ಹೇಳುತ್ತೇನೆ: ಹತ್ತನೆಯ ತರಗತಿಯ ಪರೀಕ್ಷೆ ಸಾಮಾನ್ಯವಾಗಿ ಇದೇ ದಿನಗಳಲ್ಲಿ ಬರುತ್ತದೆ. ವಿದ್ಯಾರ್ಥಿಗಳಾದ ನೀವು ಮಲ್ಲಯ್ಯನ ಹೆಸರಿನಲ್ಲಿ ಗಣಿತದ ಪ್ರಶ್ನೆಪತ್ರಿಕೆಯಿಂದ ತಪ್ಪಿಸಿಕೊಳ್ಳುವ ಹಂಚಿಕೆ ಹಾಕಬೇಕಾಗಿಲ್ಲ; ಅವನು ಎಲ್ಲಿಗೂ ಹೋಗುವುದಿಲ್ಲ.

ಕಡೆಯ ಮಜಲುಗಳು ಕಾಡಿನವು. ಈಗ ನಂದ್ಯಾಲ ಜಿಲ್ಲೆಗೆ ಸೇರಿರುವ ಆತ್ಮಕೂರಿನ ಆಚೆ, ವೆಂಕಟಾಪುರದಿಂದ ಕಾಲುದಾರಿ ನಲ್ಲಮಲವನ್ನು ಹೊಗುತ್ತದೆ. ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ, ಕೈಲಾಸದ್ವಾರ. ರೆಡ್ಡಿ ಅರಸರು 14ನೆಯ ಶತಮಾನದಲ್ಲಿ ಕಟ್ಟಿಸಿದ ಕಲ್ಲಿನ ಮೆಟ್ಟಿಲುಗಳು ಈ ಬೆಟ್ಟದ ದಾರಿಯಲ್ಲಿವೆ. ಇದು ಚೆಂಚು ಜನರ ಕಾಡು. 1983ರಲ್ಲಿ ಹುಲಿ ಯೋಜನೆಗೆ ಸೇರಿದ ಹುಲಿಗಳ ಕಾಡೂ ಹೌದು. ಅರಣ್ಯ ಇಲಾಖೆ ಶಿವರಾತ್ರಿ, ಯುಗಾದಿಗಳ ಕಾಲದಲ್ಲಿ ನಡೆಯುವವರಿಗೆ ದಾರಿ ಬಿಡುತ್ತದೆ. ಕುಡಿದು ಎಸೆದ ನೀರಿನ ಬಾಟಲಿಗಳು ಆ ಮೆಟ್ಟಿಲುಗಳ ಎರಡೂ ಬದಿಗೆ ಬಿದ್ದಿರುವುದನ್ನು ಕಂಡಾಗ ಬೇಸರವಾಗುತ್ತದೆ. ಮಗಳ ಮನೆಗೆ ಉಡುಗೊರೆ ಒಯ್ದವರು ಅವಳ ಅಂಗಳದಲ್ಲಿ ಕಸ ಸುರಿದು ಬರುವುದುಂಟೆ? ಇಲ್ಲಿ ತಂಡದಿಂದ ಅಗಲುವಂತಿಲ್ಲ, ಮುಂದೋಡುವಂತಿಲ್ಲ. ಭೀಮನ ಕೊಳದ ಕಣಿವೆಗೆ ಇಳಿದು ಮತ್ತೆ ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕು. ದಾರಿ ಬಲ್ಲ ಮುಂದಾಳು ಇಳಿಯುವ ಮೊದಲು ಒಮ್ಮೆ, ಹತ್ತಿ ನಿಂತ ಮೇಲೆ ಇನ್ನೊಮ್ಮೆ ತಲೆಗಳನ್ನು ಎಣಿಸುತ್ತಾನೆ. ಒಂದು ಕಡಮೆಯಾದರೂ ಕಂಬಿ ಅಲ್ಲಿಯೇ ನಿಲ್ಲುತ್ತದೆ.